ಆರು ವಾರದ ಕೋರ್ಸ್ ಮಾಡಿ ರಕ್ತ ತೆಗೆಯುವ ಕೆಲಸಕ್ಕೆ ಸೇರಬಹುದಾ?

ಪ್ರಶ್ನೆ: ನನಗೆ 22 ವರ್ಷ, ಊರು ಅರಸೀಕೆರೆ ಹತ್ತಿರ. ಪಿಯುಸಿ ಸೈನ್ಸ್ ಪಾಸಾಗಿದೆ, ಡಿಗ್ರಿ ಅರ್ಧಕ್ಕೆ ನಿಂತಿತು. ಈಗ ಒಂದು ಮೆಡಿಕಲ್ ಶಾಪ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೇನೆ. ಫ್ಲೆಬಾಟಮಿಸ್ಟ್, ಅಂದರೆ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸದವರು, ಆಗಬೇಕು ಅಂತ ಆಸೆ. ಒಂದು ಕಡೆ ಆರು ವಾರದ ಕೋರ್ಸ್, 40,000 ರೂಪಾಯಿ, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ನಮ್ಮ ಮಾವ ಮಾತ್ರ ಎರಡು ವರ್ಷದ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮಾಡು ಅಂತಾರೆ. ಯಾವುದು ಸರಿ? ಇನ್ನೊಂದು ವಿಷಯ, ರಕ್ತ ನೋಡಿದರೆ ನನಗೆ ಸ್ವಲ್ಪ ತಲೆ ಸುತ್ತುತ್ತದೆ. ಕೈ ನಡುಗಿದರೆ ಏನು ಮಾಡಲಿ?

ಉತ್ತರ:

ನಿಮ್ಮ ಮಾವ ಹೇಳಿದ್ದು ಸರಿ. ಆದರೆ ಆರು ವಾರದ ಕೋರ್ಸ್ ಅಂದ ಕೂಡಲೇ ಮೋಸ ಅಂತಲೂ ಅಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯಿತು, ಈಚೆಗೆ ಹೊಸಬರಿಗೆ ಕಲಿಸುವುದೂ ನನ್ನ ತಲೆಗೇ ಬಿದ್ದಿದೆ. ಪ್ರತಿ ವರ್ಷ ನಿಮ್ಮಂಥ ಹುಡುಗ ಹುಡುಗಿಯರು ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಜನರ ಕೈಗೆ ಚುಚ್ಚಿದ್ದೀರಿ? ರಬ್ಬರ್ ಕೈಗಲ್ಲ, ಬೆವರುವ, ಹೆದರಿ ಹಿಂದಕ್ಕೆ ಎಳೆದುಕೊಳ್ಳುವ ಕೈಗೆ. ಕೆಲವರು ಇನ್ನೂರು ಅನ್ನುತ್ತಾರೆ. ಕೆಲವರು ನೆಲ ನೋಡುತ್ತಾರೆ.

ಹಾಗಾಗಿ ಆ ಇನ್‌ಸ್ಟಿಟ್ಯೂಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೇ ಕೇಳಿ. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ, ಪಕ್ಕದಲ್ಲಿ ನಿಂತು ನೋಡುವವರು ಯಾರು, ಎಷ್ಟು ಸಲ ತೆಗೆದದ್ದಕ್ಕೆ ಸಹಿ ಹಾಕಿದ ಪುಸ್ತಕ ಕೊಡುತ್ತೀರಾ? ಒಂದು ಅಳತೆ ಬೇಕಾದರೆ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕು, ಹೊಸಬರು ಅದಕ್ಕೆ ಪಾಠದ ಜೊತೆ ಆಸ್ಪತ್ರೆಯಲ್ಲಿ 40 ಗಂಟೆ ಕೆಲಸ ಮಾಡಿ, ಕನಿಷ್ಠ 50 ಸಲ ತೋಳಿನಿಂದ, 10 ಸಲ ಬೆರಳ ತುದಿಯಿಂದ ರಕ್ತ ತೆಗೆದು ತೋರಿಸಬೇಕು. ಮದುವೆಯಾಗಿ ಅಲ್ಲಿಗೆ ಹೋದ ನನ್ನ ಶಿಷ್ಯೆಯೊಬ್ಬಳು ಇಲ್ಲಿ ಸಾವಿರಾರು ಜನರಿಗೆ ಚುಚ್ಚಿದ್ದರೂ ಅಲ್ಲಿ ಮತ್ತೆ ಕೋರ್ಸಿಗೆ ಸೇರಿದಳು. ನಿಮ್ಮ ಇನ್‌ಸ್ಟಿಟ್ಯೂಟ್ ಆ 50ರ ಹತ್ತಿರವೂ ಬರದಿದ್ದರೆ ನೀವು ಕೊಡುವ 40,000 ಬರೀ ಆ ಕಾಗದಕ್ಕೆ. ಇನ್ನು ಕೆಲಸ ಗ್ಯಾರಂಟಿ ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಚಿಕ್ಕ ಕೋರ್ಸ್‌ಗಳಲ್ಲಿ ಸರಿಯಾದವೂ ಇವೆ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಂತ ಒಂದಿದೆ, ಫ್ಲೆಬಾಟಮಿ ಕೆಲಸಕ್ಕೆ ಅಂತಲೇ ಅವರು ಪಾಠಪಟ್ಟಿ ಮಾಡಿದ್ದಾರೆ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಅಂಥದ್ದನ್ನು ಮಾಡಿ ಮನೆಮನೆಗೆ ಹೋಗಿ ಸ್ಯಾಂಪಲ್ ತರುವ ಕೆಲಸಕ್ಕೆ ಸೇರಿದವರು ಬೇಕಾದಷ್ಟು ಜನ ಇದ್ದಾರೆ. ತೊಂದರೆ ಶುರುವಾಗುವುದು ಮೂರು ನಾಲ್ಕು ವರ್ಷದ ಮೇಲೆ. ಲ್ಯಾಬ್ ಒಳಗೆ ಬರಬೇಕು, ಪರೀಕ್ಷೆಯ ಮೆಷಿನ್ ಮುಂದೆ ಕೂರಬೇಕು, ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕಬೇಕು ಅನ್ನಿಸಿದಾಗ ಎಲ್ಲ ಕಡೆ ಡಿಪ್ಲೊಮಾ ಎಲ್ಲಿ ಅಂತ ಕೇಳುತ್ತಾರೆ. ಆಗ ನಿಮಗೆ 26, 27. ಮನೆಯಲ್ಲಿ ಜವಾಬ್ದಾರಿ ಜಾಸ್ತಿ ಆಗಿರುತ್ತದೆ, ಮತ್ತೆ ಕ್ಲಾಸಿಗೆ ಹೋಗಿ ಕೂರುವುದು ಸುಲಭ ಅಲ್ಲ.

ಕಾನೂನೂ ಆ ಕಡೆಗೇ ಹೋಗುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಪ್ಯಾರಾಮೆಡಿಕಲ್ ವೃತ್ತಿಗಳಿಗೆ ಅಂತ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು, ಮೆಡಿಕಲ್ ಲ್ಯಾಬ್ ಕೆಲಸವೂ ಅದರಲ್ಲಿ ಬರುತ್ತದೆ. ಆ ಕಾಯ್ದೆಯ ಲೆಕ್ಕದಲ್ಲಿ ಇಂಥ ವೃತ್ತಿಯವರು ಅನ್ನಿಸಿಕೊಳ್ಳಲು ಬೇಕಾದ ಡಿಪ್ಲೊಮಾ ಅಥವಾ ಡಿಗ್ರಿ ಕನಿಷ್ಠ 2,000 ಗಂಟೆಯದ್ದು ಇರಬೇಕು, ಎರಡರಿಂದ ನಾಲ್ಕು ವರ್ಷ ನಡೆಯಬೇಕು. ಆರು ವಾರದಲ್ಲಿ ಹಗಲು ರಾತ್ರಿ ಕೂತರೂ ಸಾವಿರ ಚಿಲ್ಲರೆ ಗಂಟೆ ಅಷ್ಟೇ, ಅಲ್ವಾ? ಇದೊಂದೇ ಕಾರಣ ಸಾಕು ಮಾವನ ಮಾತು ಕೇಳುವುದಕ್ಕೆ.

ನೀವು ಪಿಯುಸಿ ಸೈನ್ಸ್ ಆಗಿರುವುದು ಒಳ್ಳೆಯದಾಯಿತು. ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡ್‌ನ ಲ್ಯಾಬ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಮೇಲೆ ಸೇರಿದವರಿಗೆ ಮೂರು ವರ್ಷ, ಪಿಯುಸಿ ಸೈನ್ಸ್‌ನವರಿಗೆ ಎರಡು ವರ್ಷ. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ಸೀಟು ಇರುತ್ತದೆ, ಮೊದಲು ಅಲ್ಲಿ ವಿಚಾರಿಸಿ. ಫೀಸ್ ಕಡಿಮೆ ಅನ್ನುವುದು ಒಂದು. ನನಗೆ ಅದಕ್ಕಿಂತ ಮುಖ್ಯ ಅಲ್ಲಿಯ ಜನಸಂದಣಿ. ದೊಡ್ಡ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಬೆಳಗ್ಗೆ ಎಂಟಕ್ಕೆ ನಿಂತರೆ ದಪ್ಪ ಕೈ, ಒಣಗಿದ ಕೈ, ಮಗು, ಮುದುಕಿ ಎಲ್ಲ ಒಂದೇ ಸಾಲಿನಲ್ಲಿ ಬರುತ್ತಾರೆ. ಒಂದು ತಿಂಗಳಲ್ಲಿ ಅಲ್ಲಿ ಕಲಿತದ್ದನ್ನು ಖಾಲಿ ಹೊಡೆಯುವ ಚಿಕ್ಕ ಲ್ಯಾಬಿನಲ್ಲಿ ಒಂದು ವರ್ಷ ಕೂತರೂ ಕಲಿಯಲಾಗದು. ಖಾಸಗಿ ಕಾಲೇಜಾದರೆ ಬೋರ್ಡಿನ ಮಾನ್ಯತೆ ಇದೆಯಾ ಅಂತ ಬೋರ್ಡನ್ನೇ ಕೇಳಿ, ಕಾಲೇಜಿನವರ ಬ್ಯಾನರ್ ನಂಬಬೇಡಿ. ಶಕ್ತಿ ಇದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್‌ಸಿ ಎಂಎಲ್‌ಟಿ, ಅಂದರೆ ಇದೇ ಲ್ಯಾಬ್ ವಿಷಯದ ಡಿಗ್ರಿ, ಇನ್ನೂ ಮೇಲು. ಆದರೆ ಡಿಗ್ರಿ ಒಮ್ಮೆ ಅರ್ಧಕ್ಕೆ ನಿಂತಿದೆ ಅಂದಿರಿ, ಅದಕ್ಕೇ ಡಿಪ್ಲೊಮಾ ಅನ್ನುತ್ತಿದ್ದೇನೆ.

ಈಗ ಕೆಲಸದ ವಿಷಯಕ್ಕೆ ಬರೋಣ. ಸೂಜಿ ಚುಚ್ಚುವುದೇ ಈ ಕೆಲಸ ಅಂತ ಎಲ್ಲರೂ ತಿಳಿದಿರುತ್ತಾರೆ. ಚುಚ್ಚುವುದು ಒಂದು ನಿಮಿಷದ ಮಾತು. ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಇದೆ, ತಪ್ಪಾಗುವುದೂ ಅಲ್ಲೇ.

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ನೈಟ್ ಡ್ಯೂಟಿ. ಒಬ್ಬ ಅಜ್ಜನಿಗೆ ನರ ಸಿಗುತ್ತಿರಲಿಲ್ಲ. ಹೇಗೋ ಸಿಕ್ಕಿತು, ನೇರಳೆ ಮುಚ್ಚಳದ ಟ್ಯೂಬ್ ತುಂಬಿತು, ಕೆಂಪು ಮುಚ್ಚಳದ್ದಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಚುಚ್ಚಲು ಮನಸ್ಸಾಗಲಿಲ್ಲ, ನಿಜ ಹೇಳಬೇಕೆಂದರೆ ಧೈರ್ಯ ಆಗಲಿಲ್ಲ. ಎರಡೂ ರಕ್ತವೇ ಅಲ್ವಾ ಅಂತ ನೇರಳೆಯಿಂದ ಸ್ವಲ್ಪ ಕೆಂಪಿಗೆ ಸುರಿದೆ. ಒಂದೂವರೆ ಗಂಟೆ ಬಿಟ್ಟು ಡ್ಯೂಟಿ ಡಾಕ್ಟರ್ ಫೋನ್. "ಪೊಟ್ಯಾಶಿಯಂ 14 ಅಂತ ಬಂದಿದೆಯಲ್ಲಮ್ಮ, ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಈ ರಿಪೋರ್ಟ್ ನಿಜ ಆದರೆ ಅಜ್ಜ ಬದುಕಿರಬಾರದು. ಇಲ್ಲಿ ನೋಡಿದರೆ ಕೂತುಕೊಂಡು ಬಿಸ್ಕತ್ತು ಕೇಳ್ತಿದ್ದಾರೆ." ಪೊಟ್ಯಾಶಿಯಂ ಇರಬೇಕಾದದ್ದು ಹೆಚ್ಚುಕಡಿಮೆ 3.5ರಿಂದ 5ರ ಒಳಗೆ. ನೇರಳೆ ಟ್ಯೂಬಿನಲ್ಲಿ ಇರುವುದು ಇಡಿಟಿಎ ಅನ್ನುವ ಮದ್ದು, ಅದೂ ಪೊಟ್ಯಾಶಿಯಂ ಜೊತೆ ಸೇರಿದ ಇಡಿಟಿಎ. ಅದು ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ರಕ್ತ ಹೆಪ್ಪುಗಟ್ಟುವುದಿಲ್ಲ. ನಾನು ಸುರಿದದ್ದು ಬರೀ ರಕ್ತ ಆಗಿರಲಿಲ್ಲ. ಆ ಡಾಕ್ಟರ್ ಅಜ್ಜನ ಮುಖ ನೋಡದೆ ಕಾಗದ ಮಾತ್ರ ನೋಡಿ ಔಷಧಿ ಕೊಟ್ಟಿದ್ದರೆ? ಆ ರಾತ್ರಿ ಮತ್ತೆ ಹೋಗಿ, ಮಾಡಿದ್ದನ್ನು ಹೇಳಿ, ಅಜ್ಜನಿಗೆ ಕೈಮುಗಿದು ಇನ್ನೊಂದು ಸಲ ತೆಗೆದೆ. ಅವರು "ತಗೋ ತಾಯಿ, ಇನ್ನೇನು ಉಳಿದಿದೆ" ಅಂದರು.

ಟ್ಯೂಬ್ ತುಂಬುವುದಕ್ಕೆ ಒಂದು ಕ್ರಮ ಇರುವುದು ಇದಕ್ಕೇ. ಕಲ್ಚರ್ ಬಾಟಲಿ (ರಕ್ತದಲ್ಲಿ ರೋಗಾಣು ಇದೆಯಾ ನೋಡುವುದಕ್ಕೆ) ಇದ್ದರೆ ಮೊದಲು ಅದು, ಆಮೇಲೆ ತಿಳಿನೀಲಿ, ಆಮೇಲೆ ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಒಂದು ಟ್ಯೂಬಿನ ಮದ್ದು ಸೂಜಿಯ ಮೂಲಕ ಇನ್ನೊಂದಕ್ಕೆ ಹೋಗಿ ಕೆಡಿಸಬಾರದು ಅಂತ. ಇದನ್ನು ಬಾಯಿಪಾಠ ಮಾಡುವವರು ಇಂಟರ್‌ವ್ಯೂ ಮುಗಿಸಿಕೊಂಡು ಮರೆಯುತ್ತಾರೆ. ಕಾರಣ ಗೊತ್ತಿದ್ದವರು ಮರೆಯುವುದಿಲ್ಲ. ತಿಳಿನೀಲಿಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ಮದ್ದು, ಲೆಕ್ಕ, ಹಾಗಾಗಿ ಗೆರೆಯವರೆಗೆ ತುಂಬಲೇಬೇಕು, ಅರ್ಧ ತುಂಬಿದ್ದು ಹೆಪ್ಪುಗಟ್ಟುವ ಪರೀಕ್ಷೆಗೆ ಪ್ರಯೋಜನವಿಲ್ಲ. ಬೂದು ಟ್ಯೂಬ್ ಶುಗರ್‌ಗೆ. ರಕ್ತ ಹೊರಗೆ ಬಂದ ಮೇಲೂ ಅದರ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಸುಮ್ಮನೆ ಇಟ್ಟರೆ ಗಂಟೆಗೆ 5ರಿಂದ 7 ಪರ್ಸೆಂಟ್ ಕಡಿಮೆ ಆಗುತ್ತಾ ಹೋಗುತ್ತದೆ, ಅದನ್ನು ತಡೆಯುವ ಫ್ಲೋರೈಡ್ ಅದರಲ್ಲಿದೆ. ತೆಗೆದ ಮೇಲೆ ಟ್ಯೂಬನ್ನು ಮೆಲ್ಲಗೆ ತಲೆಕೆಳಗೆ ಮಾಡಿ ಮೇಲೆ ಮಾಡಬೇಕು, ನೇರಳೆಯನ್ನು ಎಂಟು ಹತ್ತು ಸಲ. ಕೆಮ್ಮಿನ ಸಿರಪ್ ಬಾಟಲಿ ಥರ ಕುಲುಕಿದರೆ ರಕ್ತಕಣ ಒಡೆಯುತ್ತದೆ, ಮತ್ತೆ ಪೊಟ್ಯಾಶಿಯಂ ಜಾಸ್ತಿ.

ಇನ್ನು ಹೆಸರು. ವಾರ್ಡಿನಲ್ಲಿ ಒಂದೇ ದಿನ ಎರಡು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಏನೂ ವಿಶೇಷ ಅಲ್ಲ, ವಯಸ್ಸೂ ಹತ್ತಿರ ಹತ್ತಿರ ಇರುತ್ತದೆ. "ನೀವು ಲಕ್ಷ್ಮಮ್ಮನಾ?" ಅಂತ ಎಂದೂ ಕೇಳಬೇಡಿ. ಕಿವಿ ಸರಿಯಾಗಿ ಕೇಳಿಸದ ಅಜ್ಜಿ ಏನು ಕೇಳಿದರೂ "ಹೂಂ" ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ ಅಜ್ಜಿ" ಅನ್ನಿ, ಅವರ ಬಾಯಿಂದಲೇ ಬರಲಿ. ಜೊತೆಗೆ ಆಸ್ಪತ್ರೆ ನಂಬರೋ ಹುಟ್ಟಿದ ತಾರೀಕೋ ಇನ್ನೊಂದು ಗುರುತು ನೋಡಿ. ಲೇಬಲ್ ಅಂಟಿಸುವುದು ಅಲ್ಲೇ, ಆ ಮಂಚದ ಪಕ್ಕದಲ್ಲೇ. ಟ್ಯೂಬುಗಳನ್ನು ಜೇಬಿಗೆ ಹಾಕಿಕೊಂಡು ಕೌಂಟರ್‌ಗೆ ಬಂದು ನಿಧಾನವಾಗಿ ಅಂಟಿಸುತ್ತೇನೆ ಅನ್ನುವವರನ್ನು ನಾನು ಎರಡನೇ ಸಲ ವಾರ್ಡಿಗೆ ಕಳಿಸುವುದಿಲ್ಲ. ತಪ್ಪಿದ ನರವನ್ನು ಇನ್ನೊಂದು ಕೈಯಲ್ಲಿ ಹುಡುಕಬಹುದು. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಅದು ಯಾರಿಗೂ ಗೊತ್ತೇ ಆಗದೆ ಹೋಗಬಹುದು.

ಕಾಫಿಯ ಕಥೆ ಬೇರೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ ಅಂದರೆ "ಹೌದು ಮೇಡಂ, ಏನೂ ತಿಂದಿಲ್ಲ" ಅನ್ನುತ್ತಾರೆ. ಕಾಫಿ? "ಅಯ್ಯೋ, ಅದು ಒಂದು ಲೋಟ ಕುಡಿದೆ ಅಷ್ಟೇ." ನಮ್ಮವರಿಗೆ ಕಾಫಿ ಊಟದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ತಿಂದಿದ್ದೀರಾ ಅಂತ ಕೇಳಿ ಸುಮ್ಮನಾಗಬೇಡಿ, ಕಾಫಿ, ಟೀ, ಹಾಲು ಅಂತ ಹೆಸರು ಹಿಡಿದೇ ಕೇಳಿ.

ಚುಚ್ಚುವುದನ್ನು ಬರೆದು ಕಲಿಸಲಾಗದು, ಆದರೂ ಒಂದೆರಡು ಮಾತು. ಜನ ರಕ್ತನಾಳಕ್ಕೆ ನರ ಅನ್ನುತ್ತಾರೆ, ನಾವೂ ಅನ್ನುತ್ತೇವೆ, ಆದರೆ ನಿಜವಾದ ನರವೂ ಅಲ್ಲೇ ಪಕ್ಕದಲ್ಲಿದೆ, ಅದಕ್ಕೆ ಸೂಜಿ ತಾಗಿದರೆ ಬೆರಳ ತುದಿಯವರೆಗೆ ಶಾಕ್ ಹೊಡೆದ ಹಾಗಾಗುತ್ತದೆ. ರೋಗಿ ಹಾಗಂದ ಕ್ಷಣ ಸೂಜಿ ಹೊರಗೆ. ಮೊಣಕೈ ಮಡಿಕೆಯ ನಡುವಿನ ರಕ್ತನಾಳ ಮೊದಲ ಆಯ್ಕೆ, ಹೆಬ್ಬೆರಳ ಕಡೆಯದ್ದು ಎರಡನೆಯದು. ಕಿರುಬೆರಳ ಕಡೆ, ಒಳಬದಿಯಲ್ಲಿರುವುದು ನೋಡಲು ಚೆನ್ನಾಗಿ ಕಾಣುತ್ತದೆ, ಆದರೆ ಅದರ ಹತ್ತಿರವೇ ಅಪಧಮನಿ, ನರ ಎಲ್ಲ ಇರುವುದರಿಂದ ಅದು ಕೊನೆಗೆ. ಕಣ್ಣನ್ನು ಜಾಸ್ತಿ ನಂಬಬೇಡಿ, ಬೆರಳನ್ನು ನಂಬಿ. ಒಳ್ಳೆಯ ರಕ್ತನಾಳ ಒತ್ತಿದರೆ ಸೈಕಲ್ಲಿನ ವಾಲ್‌ಟ್ಯೂಬ್ ಒತ್ತಿದ ಹಾಗೆ ತಗ್ಗಿ ಮೇಲೆ ಬರುತ್ತದೆ. ಹಗ್ಗದ ಹಾಗೆ ಗಟ್ಟಿ ಇದ್ದರೆ ಅದು ಸ್ನಾಯುವಿನ ತುದಿ. ಬಡಿಯುತ್ತಿದ್ದರೆ ಅಪಧಮನಿ, ಅದನ್ನು ಮುಟ್ಟಲೇಬೇಡಿ.

ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ಕಟ್ಟಿಬಿಟ್ಟು ಟ್ಯೂಬ್ ಹುಡುಕಲು ಹೋಗುವುದು ಹೊಸಬರ ಮೊದಲ ಚಾಳಿ. "ಮುಷ್ಟಿ ಹಿಡಿ ಬಿಡು, ಹಿಡಿ ಬಿಡು" ಅನ್ನುವುದು ಹಳಬರ ಚಾಳಿ, ಅದೂ ತಪ್ಪು, ಹಾಗೆ ಮಾಡಿಸಿದರೆ ಪೊಟ್ಯಾಶಿಯಂ ಏರುತ್ತದೆ, ಸುಮ್ನೆ ಮುಷ್ಟಿ ಹಿಡಿದರೆ ಸಾಕು. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಒಣಗಲು ಬಿಡಿ. ಬೇಗ ಒಣಗಲಿ ಅಂತ ಬಾಯಿಂದ ಊದುವವರನ್ನು ನೋಡಿದ್ದೇನೆ, ಹಾಗಾದರೆ ಒರೆಸಿದ್ದು ಯಾಕೆ? ಡ್ರಿಪ್ ಹೋಗುತ್ತಿರುವ ಕೈ, ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ (ರಕ್ತನಾಳ ಜೋಡಿಸಿದ) ಕೈ, ಸ್ತನದ ಆಪರೇಷನ್ ಆದ ಬದಿಯ ಕೈ, ಈ ಮೂರಕ್ಕೂ ಹೋಗಬೇಡಿ. ಎರಡು ಸಲ ಚುಚ್ಚಿ ಸಿಗಲಿಲ್ಲವಾ, ಇನ್ನೊಬ್ಬರನ್ನು ಕರೆಯಿರಿ. ಹದಿನೆಂಟು ವರ್ಷ ಆದ ಮೇಲೂ ನಾನು "ಸ್ವಲ್ಪ ಬಾರಪ್ಪ, ನನಗೆ ಸಿಗ್ತಿಲ್ಲ" ಅಂತ ಕರೆಯುತ್ತೇನೆ.

ನಿಮ್ಮ ತಲೆಸುತ್ತಿನ ಪ್ರಶ್ನೆ. ಇದನ್ನು ಕೇಳಲು ನಾಚಿಕೊಳ್ಳಬೇಕಾಗಿಲ್ಲ. ನನ್ನ ಬ್ಯಾಚಿನಲ್ಲಿ ಮೊದಲ ದಿನ ಬಿದ್ದವನು ಆರಡಿ ಎತ್ತರದ ಹುಡುಗ, ಈಗ ಒಂದು ದೊಡ್ಡ ಲ್ಯಾಬಿನ ಸೂಪರ್‌ವೈಸರ್. ರಕ್ತ ನೋಡಿದಾಗ ಕೆಲವರಿಗೆ ಎದೆಬಡಿತ ನಿಧಾನವಾಗಿ ಬಿಪಿ ಇಳಿಯುತ್ತದೆ, ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಅದು ನಿಮ್ಮ ಸ್ವಭಾವದ ದೋಷ ಅಲ್ಲ. ನೋಡುತ್ತಾ ನೋಡುತ್ತಾ ಬಹಳ ಜನರಿಗೆ ಕಡಿಮೆಯಾಗುತ್ತದೆ. ತಿಂಡಿ ತಿನ್ನದೆ ಡ್ಯೂಟಿಗೆ ಹೋಗಬೇಡಿ. ಬೆವರು ಬಂದು ಹೊಟ್ಟೆ ತೊಳಸಿದ ಹಾಗಾದರೆ ಧೈರ್ಯ ತೋರಿಸದೆ ಕೂತುಬಿಡಿ, ತೊಡೆ, ಹೊಟ್ಟೆಯ ಸ್ನಾಯು ಬಿಗಿ ಹಿಡಿಯಿರಿ. ಒಂದು ಲಾಭವೂ ಇದೆ. ಕುರ್ಚಿಯಲ್ಲಿ ಕೂತ ರೋಗಿಯ ತುಟಿ ಬೆಳ್ಳಗಾಗುವುದು ನಿಮಗೆ ಉಳಿದವರಿಗಿಂತ ಮುಂಚೆ ಗೊತ್ತಾಗುತ್ತದೆ. ಕೈ ನಡುಕಕ್ಕೆ ಉಪಾಯ ಸುಲಭ: ಸೂಜಿ ಹಿಡಿದ ಕೈಯ ಕಿರುಬೆರಳನ್ನು ರೋಗಿಯ ತೋಳಿನ ಮೇಲೆ ಊರಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಚರ್ಮವನ್ನು ಕೆಳಗೆ ಎಳೆದು ಹಿಡಿಯಿರಿ. ಗಾಳಿಯಲ್ಲಿ ಹಿಡಿದ ಕೈ ಎಲ್ಲರದ್ದೂ ನಡುಗುತ್ತದೆ.

ಹೆದರಬೇಕಾದದ್ದು ಬೇರೆ ಇದೆ, ಅದು ಬಳಸಿದ ಸೂಜಿ. ಸೇರುವ ಮುಂಚೆಯೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರೂ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಲಸಿಕೆ ಹತ್ತಿದೆಯಾ ನೋಡಿಕೊಳ್ಳಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಸೂಜಿ ತೂರಿ ಹೊರಬರದ ಗಟ್ಟಿ ಬಿಳಿ ಡಬ್ಬಕ್ಕೆ ಸೀದಾ ಹಾಕಿ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಹಾಗೂ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ, ಸೋಪು ನೀರಿನಲ್ಲಿ ತೊಳೆದು ಆ ಕೂಡಲೇ ಮೇಲಿನವರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟು ಮೂರು ತಿಂಗಳು ನಿದ್ದೆಗೆಟ್ಟ ಹುಡುಗಿಯನ್ನು ನಾನು ಬಲ್ಲೆ. ಅವಳಿಗೇನೂ ಆಗಲಿಲ್ಲ, ಆದರೆ ಆ ಮೂರು ತಿಂಗಳು ಅವಳಿಗೇ ಗೊತ್ತು.

ಕೆಲಸ ಸಿಕ್ಕಾಗ ಸಂಬಳ ಎಷ್ಟು ಅಂತ ಒಂದೇ ಕೇಳಬೇಡಿ. ಶುರುವಿನ ಸಂಬಳ ದೊಡ್ಡದೇನೂ ಇರುವುದಿಲ್ಲ, ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಉಳಿಯುವುದು ಕಡಿಮೆ, ಹಾಸನದಲ್ಲೋ ಅರಸೀಕೆರೆಯಲ್ಲೋ ಮನೆಯಿಂದ ಓಡಾಡುವಂತಿದ್ದರೆ ಮೊದಲ ಎರಡು ವರ್ಷ ಅದೇ ವಾಸಿ. ಪಿಎಫ್ ಇದೆಯಾ, ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಕೊಡುತ್ತಾರಾ, ಹೆಪಟೈಟಿಸ್ ಲಸಿಕೆ ಯಾರು ಕೊಡಿಸುತ್ತಾರೆ? ಕೊಡಿಸಬೇಕಾದವರು ಅವರೇ, 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲೇ ಇದೆ. ಮನೆಮನೆಗೆ ಹೋಗುವ ಕೆಲಸವಾದರೆ ಗಾಡಿ ಯಾರದ್ದು, ಪೆಟ್ರೋಲ್ ಯಾರದ್ದು, ದಿನಕ್ಕೆ ಎಷ್ಟು ಮನೆ ಕೇಳಿ. ಬೆಳಗ್ಗೆ ಐದೂವರೆಗೆ ಗೊತ್ತಿಲ್ಲದ ಬಡಾವಣೆಯಲ್ಲಿ ಗೊತ್ತಿಲ್ಲದ ಮನೆಯ ಬೆಲ್ ಒತ್ತುವ ಕೆಲಸ ಅದು. ನಾಯಿ ಕಟ್ಟಿಲ್ಲದ ಗೇಟು, ಒಬ್ಬರೇ ಇರುವ ಗಂಡಸರು, ಎಲ್ಲ ಬರುತ್ತದೆ. ಒಳಗೆ ಹೋಗಲು ಮನಸ್ಸು ಒಪ್ಪದಿದ್ದರೆ ವಾಪಸ್ ಬರಲು ಬಿಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಉತ್ತರ ಕೊಡಲು ತಡವರಿಸಿದರೆ ಅಲ್ಲಿ ಸೇರಬೇಡಿ.

ಸದ್ಯಕ್ಕೆ 40,000 ಯಾರಿಗೂ ಕಟ್ಟಬೇಡಿ. ನೀವು ಮೆಡಿಕಲ್ ಶಾಪ್‌ನಲ್ಲಿ ಇದ್ದೀರಿ, ಹತ್ತಿರದ ಲ್ಯಾಬಿನವರು ಪರಿಚಯ ಇದ್ದೇ ಇರುತ್ತಾರೆ. ಒಂದು ವಾರ ಬೆಳಗ್ಗೆ ಏಳರಿಂದ ಒಂಬತ್ತು ಸುಮ್ನೆ ಮೂಲೆಯಲ್ಲಿ ನಿಂತು ನೋಡಲು ಬಿಡಿ ಅಂತ ಕೇಳಿ, ಏನೂ ಮುಟ್ಟುವುದು ಬೇಡ. ಮೊದಲ ದಿನ ಸೂಜಿ ಕಂಡರೆ ಮುಖ ತಿರುಗಿಸುತ್ತೀರಿ, ತಿರುಗಿಸಿ, ಪರವಾಗಿಲ್ಲ. ವಾರದ ಕೊನೆಗೆ ನಿಮ್ಮ ಕಣ್ಣು ಸೂಜಿ ಬಿಟ್ಟು ಟ್ಯೂಬಿನ ಬಣ್ಣದ ಕಡೆ, ಲೇಬಲ್ಲಿನ ಹೆಸರಿನ ಕಡೆ ಹೋಗುತ್ತಿದೆ ಅನ್ನಿಸಿದರೆ ಮಾವನ ಜೊತೆ ಕೂತು ಡಿಪ್ಲೊಮಾ ಅರ್ಜಿ ತುಂಬಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೊಳ್ಳಿ, ನಾಡಕಚೇರಿಯಲ್ಲಿ ಕೊನೆ ಗಳಿಗೆಗೆ ಯಾವಾಗಲೂ ಸರ್ವರ್ ಇರುವುದಿಲ್ಲ.